ಒಂಬತ್ತನೇ ದಂಡನಾಯಕ

"ಇನ್ನ ಮೂರ ತಿಂಗಳು! ಅಷ್ಟರಾಗ ಕಲಬುರಗಿಯೊಳಗ ದಂಡಿನಾಟದ ಲೀಗ್ ಶುರು ಆಗಲಿಲ್ಲಂದ್ರ ನನ್ನ ಹೆಸರು ದೇವೀಂದ್ರಪ್ಪನೇ ಅಲ್ಲ!"

ಹೀಗೆಂದು ಘೋಷಿಸಿ ದೇವೀಂದ್ರಪ್ಪ ಮಾಸ್ತರರು ಊಟದ ಟೇಬಲ್ಲನ್ನು ಗುದ್ದಿದರು. ಟೇಬಲ್ಲಿನ ಮೇಲಿನ ಗುಡ್ಡ ಅದುರಿತು. ಗುಡ್ಡದ ತುದಿಯಲ್ಲಿ ಕಾವಲಿದ್ದ ನೀಲಿ ದಂಡಿನ ಬಿಲ್ಲುಗಾರನೊಬ್ಬ ಆಯತಪ್ಪಿ ಉರುಳಿ, ಕೆಳಗೆ ನೆಲದ ಮೇಲೆ ಕೂತು ಉಣ್ಣುತ್ತಿದ್ದ ಹೆಂಡತಿ ಭಾಗಮ್ಮನ ಬ್ಯಾಳಿ ಬಟ್ಟಲಿಗೆ ಬಿದ್ದು ವೀರಮರಣವನ್ನಪ್ಪಿದ.

"ಹೆಸರು ಬದಲಿ ಮಾಡ್ಕೊಳ್ಳಾಕ ಅರ್ಜಿ ಈಗ ಬರದು ಇಟ್ಕೋರಿ," ಎಂದಳು ಭಾಗಮ್ಮ, ಬಿಲ್ಲುಗಾರನನ್ನು ಎರಡು ಬೆರಳಲ್ಲಿ ಎತ್ತಿ ತಾಟಿನ ಅಂಚಿಗಿಡುತ್ತ. "ನಮ್ಮ ತವರಿನವ್ರು ಉಣ್ಣಾಕಂತ ಟೇಬಲ್ ಕೊಟ್ಟಾರ. ಅದರ ಮ್ಯಾಲ ನಿಮ್ಮ ಗೊಂಬಿ, ಅದರ ಬುಡಕ ನಾವು! ಎಂಟು ತಿಂಗಳಾತು!"

ಎಂಟು ತಿಂಗಳಾದದ್ದು ನಿಜ. ಮಾಸ್ತರರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವರು. ಒಂದು ದಿನ ಫೋನಿನಲ್ಲಿ ಈ ಆಟದ ವಿಡಿಯೋ ನೋಡಿದರು, ಕೆಟ್ಟರು. ಹೆಬ್ಬೆರಳುದ್ದದ ಸೈನಿಕರು, ಟೇಬಲ್ಲಿನ ನಡುವೆ ಥರ್ಮಾಕೋಲಿನ ಗುಡ್ಡ, ಇಬ್ಬರು ಸರದಿಯಂತೆ ಟೇಪು ಹಿಡಿದು ಅಳೆದು ತಮ್ಮ ದಂಡನ್ನು ಮುಂದೆ ಸರಿಸಬೇಕು, ದಾಳ ಎಸೆದು ಎದುರಿನವರನ್ನು ಹೊಡೆಯಬೇಕು, ಕೊನೆಗೆ ಗುಡ್ಡ ಹಿಡಿದವರು ಗೆದ್ದಂತೆ. ಮಾಸ್ತರರು ಸೈನಿಕರನ್ನು ತರಿಸಿ, ಒಬ್ಬೊಬ್ಬನ ಮೀಸೆಗೂ ಬಣ್ಣ ಹಚ್ಚಿ, ನಲವತ್ತು ಕೆಂಪು, ನಲವತ್ತು ನೀಲಿ ವೀರರನ್ನು ಸಿದ್ಧಪಡಿಸಿದರು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಅಚ್ಚ ಕನ್ನಡದಲ್ಲಿ ನಿಯಮಗಳನ್ನು ಬರೆದರು. ನಿಯಮ ಏಳು: 'ಆಟಗಾರರ ಸಂಖ್ಯೆ ಯಾವಾಗಲೂ ಸರಿಸಂಖ್ಯೆಯಲ್ಲಿಯೇ ಇರತಕ್ಕದ್ದು.' ನಿಯಮ ನಲವತ್ತೊಂದು: 'ಸೋತವರು ಎಲ್ಲರಿಗೂ ಚಹಾ ಮಾಡತಕ್ಕದ್ದು.' ಕೆಳಗೆ ಸಹಿ, ಸಹಿಯ ಕೆಳಗೆ ಎರಡು ಗೆರೆ!

ಎಲ್ಲ ಇತ್ತು. ಆಡಲು ಎದುರಿಗೊಬ್ಬ ಮನುಷ್ಯ ಮಾತ್ರ ಇರಲಿಲ್ಲ. ಹೀಗಾಗಿ ಎಂಟು ತಿಂಗಳಿಂದ ಮಾಸ್ತರರ ಎಡಗೈಗೂ ಬಲಗೈಗೂ ಯುದ್ಧ ನಡೆದಿತ್ತು. ಬಲಗೈ ಏನು ಯೋಚಿಸಿದೆಯೆಂದು ಎಡಗೈಗೆ ಮೊದಲೇ ಗೊತ್ತಿರುತ್ತಿತ್ತು. ಗೆದ್ದರೆ ಬೆನ್ನು ತಟ್ಟುವವರಿಲ್ಲ, ಸೋತರೆ ಛೇಡಿಸುವವರೂ ಇಲ್ಲ. ಇದಕ್ಕಿಂತ ಬೇಸರದ ಯುದ್ಧ ಭೂಮಿಯ ಮೇಲೆ ನಡೆದಿರಲಾರದು ಎಂದು ಅವರಿಗೆ ಎಷ್ಟೋ ಸಲ ಅನ್ನಿಸಿತ್ತು.

"ನೋಡ್ರಿ," ಎಂದಳು ಭಾಗಮ್ಮ, ಕೈ ತೊಳೆದು ಬಂದು. "ಮೂರು ತಿಂಗಳು ಕೊಟ್ಟೀನಿ. ಜೀವಂತ ಇರೋ ಇಬ್ಬರು ಮನಷ್ಯಾರು ಎದರಾ ಬದರಾ ಕುಂತು, ಒಂದ ಒಂದು ಆಟ ಪೂರಾ ಆಡಬೇಕು. ಒಬ್ಬರು ಗೆಲ್ಲಬೇಕು, ಒಬ್ಬರು ಸೋಲಬೇಕು. ಅದಾದ್ರ ಟೇಬಲ್ ನಿಮ್ಮ ಆಟಕ್ಕ. ಇಲ್ಲಂದ್ರ ನಿಮ್ಮ ದಂಡೆಲ್ಲ ಡಬ್ಬ್ಯಾಗ, ಡಬ್ಬಿ ಅಟ್ಟದ ಮ್ಯಾಲ."

"ಒಂದ ಆಟ? ನೂರು ಆಡಸ್ತೀನಿ!" ಎಂದರು ಮಾಸ್ತರರು.

ಮರುದಿನವೇ ಶರಣಬಸವೇಶ್ವರ ಗುಡಿಯ ಹತ್ತಿರದ ಝೆರಾಕ್ಸ್ ಅಂಗಡಿಯ ಗೋಡೆಗೆ ಚೀಟಿ ಬಿತ್ತು: 'ದಂಡಿನಾಟದ ಉಚಿತ ತರಬೇತಿ. ಪ್ರಮಾಣಪತ್ರ ನೀಡಲಾಗುವುದು.' ಕಡೆಯ ಸಾಲನ್ನು ಮಾಸ್ತರರು ಸುಮ್ಮನೆ ಶೋಭೆಗೆಂದು ಬರೆದಿದ್ದರು. ಭಾನುವಾರ ಹನ್ನೊಂದು ಕಾಲೇಜು ಹುಡುಗರು ಬಾಗಿಲಲ್ಲಿ! ಮಾಸ್ತರರ ಎದೆಯುಬ್ಬಿತು. ನಿಯಮ ಏಳರ ಪ್ರಕಾರ ಕೊನೆಯಲ್ಲಿ ನಿಂತಿದ್ದವನನ್ನು, "ನಿನಗ ಜೋಡಿ ಇಲ್ಲಪಾ, ಮುಂದಿನ ಸಲ ಬಾ," ಎಂದು ಗಂಭೀರವಾಗಿ ವಾಪಸ್ ಕಳಿಸಿದರು. ಅವನು ಪಾಪ, ಹೊಸಲಿನ ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತ ಎರಡು ಸಲ ಹಿಂತಿರುಗಿ ನೋಡಿ ಹೋದ.

ಮಾಸ್ತರರು ನಿಯಮ ಹನ್ನೆರಡರವರೆಗೆ ಬಂದಿದ್ದರು. ಒಬ್ಬ ಕೈ ಎತ್ತಿದ.

"ಸರ್, ಈ ಸರ್ಟಿಫಿಕೇಟ್ ಸ್ಪೋರ್ಟ್ಸ್ ಕೋಟಾಕ್ಕ ನಡೀತದೇನ್ರಿ?"

"ಇಲ್ಲಪಾ."

"ಗ್ರೇಸ್ ಮಾರ್ಕ್ಸ್?"

"ಅದೂ ಇಲ್ಲ."

ಹತ್ತು ಹುಡುಗರೂ ಒಟ್ಟಿಗೆ ಎದ್ದರು. ಅಷ್ಟು ಶಿಸ್ತಿನ ಹಿಮ್ಮೆಟ್ಟುವಿಕೆಯನ್ನು ಮಾಸ್ತರರು ವಿಡಿಯೋದಲ್ಲಿಯೂ ನೋಡಿರಲಿಲ್ಲ.

ಅನಂತರ ಒಂದೂವರೆ ತಿಂಗಳು ಹುಡುಕಿದ ಮೇಲೆ ಸಿಕ್ಕವರು ಸಲಾವುದ್ದೀನ್ ಸಾಹೇಬರು. ಅದೇ ಶಾಲೆಯ ಗಣಿತದ ಮಾಸ್ತರರು, ಹಿಂದಿನ ಓಣಿಯವರು. ನಾಲ್ಕು ಭಾನುವಾರ ಬಂದು, ನೋಟ್‌ಬುಕ್ ಪೂರ್ತಿ ಓದಿ, ಒಂದೊಂದು ನಿಯಮಕ್ಕೂ ತಕರಾರೆತ್ತಿ, ತೃಪ್ತರಾದ ಮೇಲೆ ಐದನೇ ಭಾನುವಾರ ಕೆಂಪು ದಂಡಿನ ಹಿಂದೆ ಬಂದು ಕೂತರು. ಕೊನೆಗೂ ಎದುರಿಗೊಬ್ಬ ಮನುಷ್ಯ! ಸಲಾವುದ್ದೀನರು ಜೇಬಿನಿಂದ ಪೆನ್ನು ತೆಗೆದು ಹಾಳೆಯ ಮೇಲೆ ಹತ್ತು ನಿಮಿಷ ಏನೋ ಲೆಕ್ಕ ಹಾಕಿದರು. ಕನ್ನಡಕ ತೆಗೆದರು. ಎದ್ದು ನಿಂತರು.

"ಮುಬಾರಕ್ ಮಾಸ್ತರ, ನೀವು ಗೆದ್ರಿ."

"ಇನ್ನಾ ದಾಳನ ಹಾಕಿಲ್ಲಲ್ರೀ!"

"ನಾ ಸೋಲೋ ಸಾಧ್ಯತೆ ಶೇಕಡಾ ಅರವತ್ತೆರಡು ಅದ. ಲೆಕ್ಕ ಪಕ್ಕಾ ಅದ. ಮತ್ತ ಕಾಯ್ಕು ಖಾಲಿಪೀಲಿ ಲಡಾಯಿ?"

ಒಂದೂ ದಾಳ ಎಸೆಯದೆ ಗೆದ್ದ ಮಾಸ್ತರರು ಆ ದಿನ ಊಟ ಬಿಟ್ಟರು. "ಇದು ಆಟ ಅಲ್ಲ, ಶರಣಾಗತಿ. ಲೆಕ್ಕಕ್ಕ ಬರಂಗಿಲ್ಲ," ಎಂದು ಭಾಗಮ್ಮ ತೀರ್ಪು ಕೊಟ್ಟಳು. ಮೂರು ತಿಂಗಳಲ್ಲಿ ಒಂದೇ ಭಾನುವಾರ ಉಳಿದಿತ್ತು.

ಆಗ ಕಮಲಾಪುರದಿಂದ ಭಾಗಮ್ಮನ ತಮ್ಮ ಶಿವಲಿಂಗನ ಫೋನು ಬಂತು. "ಮಾಮಾರ, ನೀವ್ಯಾಕ ಚಿಂತಿ ಮಾಡ್ತೀರಿ? ಐತವಾರ ದಂಡು ತಗೊಂಡು ನಮ್ಮಲ್ಲಿಗೆ ಬರ್ರಿ. ನಾ ಒಬ್ಬಾಂವ, ನನ್ನ ಎದರಿಗೆ ಆಡ್ಲಾಕ ಇನ್ನೊಬ್ಬರನ್ನ ಕರಸ್ತೀನಿ. ಹೊಡದಾಟ ಅಂದ್ರ ಕಮಲಾಪುರದವ್ರಿಗೆ ಕಲಸಬೇಕೇನು!"

ಎಂಬತ್ತು ವೀರರನ್ನು ಹತ್ತಿಯಲ್ಲಿ ಸುತ್ತಿ, ಶೇಂಗಾ ಉಂಡಿಯ ಸ್ಟೀಲ್ ಡಬ್ಬಿಯಲ್ಲಿ ತುಂಬಿ, ಗುಡ್ಡವನ್ನು ಎದೆಗವಚಿಕೊಂಡು ಮಾಸ್ತರರು ಭಾಗಮ್ಮನೊಂದಿಗೆ ಹುಮನಾಬಾದ್ ಬಸ್ಸು ಹತ್ತಿದರು. ಗುಡ್ಡಕ್ಕೆ ಟಿಕೆಟ್ ಬೇಕೋ ಬೇಡವೋ ಎಂದು ಕಂಡಕ್ಟರ್ ಕಮಲಾಪುರದವರೆಗೂ ಯೋಚಿಸಿದ.

ಶಿವಲಿಂಗನ ಪಡಸಾಲೆಯಲ್ಲಿ ಕೆಂಪು ಬಾಳೆಯ ಗೊನೆಯ ಪಕ್ಕದಲ್ಲಿ ಹೊಸ ಪಂಚೆಯುಟ್ಟು ಕೂತಿದ್ದವರನ್ನು ನೋಡಿ ಮಾಸ್ತರರು ಗುಡ್ಡ ಹಿಡಿದುಕೊಂಡೇ ಹೊಸಲಲ್ಲಿ ನಿಂತರು. ಶಿವಲಿಂಗ ಕರೆಸಿದ ಎದುರಾಳಿ ಬಂಡೆಪ್ಪನವರು. ಶಿವಲಿಂಗನ ಮಗಳು ಸೌಂದರ್ಯಾಳನ್ನು ಸೊಸೆ ಮಾಡಿಕೊಳ್ಳಲಿದ್ದ ಬೀಗರು! ಹೆಂಡತಿ ಜಗದೇವಿಯವರನ್ನೂ ಕರೆದುಕೊಂಡು ಬಂದಿದ್ದರು. ಸಂಬಂಧ ಕೂಡಿ ಮೂರು ತಿಂಗಳಾಗಿತ್ತು. ಮದುವೆ ಕಮಲಾಪುರದಲ್ಲೋ ಕಲಬುರಗಿಯಲ್ಲೋ ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಶಿವಲಿಂಗ "ನೀವು ಅಂದಲ್ಲಿ" ಎನ್ನುವುದು, ಬಂಡೆಪ್ಪ "ಛೆ, ನೀವು ಅಂದಲ್ಲಿ" ಎನ್ನುವುದು, ಇಬ್ಬರೂ ಬಾಳೆಹಣ್ಣು ತಿಂದು ಏಳುವುದು, ಇಷ್ಟೇ ನಡೆದಿತ್ತು.

ಮಾಸ್ತರರು ಒಂದು ತಾಸು ನಿಯಮ ವಿವರಿಸಿದರು. ಹೆಂಗಸರು ಅಡುಗೆಮನೆ ಬಾಗಿಲಲ್ಲಿ ನಿಂತು ಕೇಳಿದರು. ಯುದ್ಧ ಆರಂಭವಾಯಿತು.

"ಮದ್ಲ ನೀವ ನಡಸ್ರಿ, ಬೀಗರ."

"ಹೆಂಗಾಗ್ತದ್ರಿ? ನಿಮ್ಮ ಮನಿ. ಮದ್ಲ ನೀವು."

"ದಾಳ ಹಾಕ್ರಿ! ಹೆಚ್ಚು ಬಿದ್ದವ್ರು ಮದ್ಲ!" ಎಂದರು ಮಾಸ್ತರರು.

ಬಂಡೆಪ್ಪನವರಿಗೆ ಐದು ಬಿತ್ತು. ಶಿವಲಿಂಗನಿಗೆ ಆರು ಬಿತ್ತು. ಅವನು ತಕ್ಷಣ ಹೆಬ್ಬೆರಳಿನಿಂದ ದಾಳವನ್ನು ಹೊರಳಿಸಿ ಒಂದು ಮಾಡಿದ. "ತಪ್ಪಿ ಬಿತ್ರಿ," ಎಂದು ಹಲ್ಲು ಕಿರಿದ.

ಬಂಡೆಪ್ಪನವರ ಕುದುರೆ ಎರಡು ಗೇಣು ಮುಂದೆ ಬಂತು. ಬೀಗರ ಕುದುರೆಗೆ ದಾರಿ ಬಿಡಬೇಕಲ್ಲವೇ? ಶಿವಲಿಂಗನ ದಂಡು ಎರಡು ಗೇಣು ಹಿಂದೆ ಸರಿಯಿತು. ಅವರು ಹಿಂದೆ ಸರಿದರೆ ತಾವು ಮುನ್ನುಗ್ಗುವುದು ಮರ್ಯಾದೆಯೇ? ಬಂಡೆಪ್ಪನವರೂ ಹಿಂದೆ ಸರಿದರು. ಒಂದು ತಾಸಿನಲ್ಲಿ ಎರಡೂ ದಂಡು ಟೇಬಲ್ಲಿನ ಎರಡು ಅಂಚಿಗೆ ಬಂದು, ಒಂದಕ್ಕೊಂದು ಬೆನ್ನು ಹಾಕಿ ನಿಂತವು. ಗುಡ್ಡದ ಮೇಲೆ ಒಂದು ನೊಣ ಕೂತಿತ್ತು. ನಿಯಮದ ಪ್ರಕಾರ ಗೆದ್ದದ್ದು ಅದೇ.

ಮಾಸ್ತರರ ಸಹನೆಯ ಕಟ್ಟೆಯೊಡೆಯಿತು. ಎರಡೂ ಕೈಯೆತ್ತಿ ಕೂಗಿದರು: "ಯಾರಾದ್ರೂ ಒಬ್ಬರು ಸಾಯ್ರೆಪಾ!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಬಂಡೆಪ್ಪನವರ ಮುಖ ಸಣ್ಣದಾಯಿತು. "ಶುಭಕಾರ್ಯದ ಮನ್ಯಾಗ ಇದೇನ್ ಮಾತ್ರೀ ಮಾಸ್ತರ?" ಎನ್ನುತ್ತ ಅವರು ಎದ್ದರು. "ಬರ್ರಿ ಬೀಗರ, ತ್ವಾಟ ನೋಡ್ಕೊಂಡ್ ಬರೂಣು," ಎಂದು ಶಿವಲಿಂಗ ಅವರನ್ನು ಹೊರಗೆ ಕರೆದೊಯ್ದ. ಹೋಗುವಾಗ ಅವನು ತನ್ನ ಮಾಮಾರ ಕಡೆಗೆ ಬೀರಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ.

ಭಾಗಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಲೀಗ್ ಮಾಡಾಕ ಬಂದು ನನ್ನ ತಮ್ಮನ ಮಗಳ ಮದಿವಿ ಮುರೀತೀರೇನು?"

ಮಾಸ್ತರರು ಡಬ್ಬಿ ತೆರೆದು ಒಬ್ಬೊಬ್ಬ ಸೈನಿಕನನ್ನೇ ಹತ್ತಿಯಲ್ಲಿ ಸುತ್ತತೊಡಗಿದರು. ಐವತ್ತೊಂದು ವರ್ಷದ ಮನುಷ್ಯನಿಗೆ ಗೊಂಬೆ ಡಬ್ಬಿಗೆ ಹಾಕುವಾಗ ಅಳು ಬರಬಾರದು. ಬಂತು. ತನಗೆ ಬೇಕಾಗಿದ್ದದ್ದು ಎದುರಿಗೆ ಕೂತು ಒಂದಾಟ ಆಡುವ ಒಬ್ಬ ಮನುಷ್ಯ, ಅಷ್ಟೇ. ಆರು ಲಕ್ಷ ಜನರ ಕಲಬುರಗಿಯಲ್ಲಿ ಅಷ್ಟೂ ಹುಟ್ಟಲಿಲ್ಲವಲ್ಲ ಎಂದು ಸಂಕಟವಾಯಿತು.

"ಇರ್ಲಿ ಇಡ್ರಿ ಮಾಸ್ತರ, ಹಾಂಗ ಇಡ್ರಿ," ಎಂಬ ದನಿ ಬಂತು. ಜಗದೇವಿಯವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಂಡೆಪ್ಪನವರ ಕುರ್ಚಿಯಲ್ಲಿ ಕೂತರು. ಶಿವಲಿಂಗನ ಹೆಂಡತಿ ಮಲ್ಲಿಕಾಳ ಕಡೆ ತಿರುಗಿ ಬಲು ಸಿಹಿಯಾಗಿ ನಕ್ಕರು. "ನಾವೂ ಒಂದ್ ಕೈ ನೋಡೂಣೇನ್ರಿ? ಗಂಡಸರಿಂದಂತೂ ಬಗಿಹರಿಯಂಗಿಲ್ಲ. ಗೆದ್ದವ್ರು ಅಂದಲ್ಲಿ ಮದಿವಿ."

"ನಮಗೇನ್ ತಿಳೀತದ್ರಿ ಅಕ್ಕಾರ," ಎನ್ನುತ್ತಲೇ ಮಲ್ಲಿಕಾ ಎದುರಿಗೆ ಕೂತು ಬಳೆಗಳನ್ನು ಮೊಣಕೈಗೆ ಏರಿಸಿದಳು. "ನೀವು ಅಂದ್ಮ್ಯಾಲ ಬ್ಯಾಡ ಅನ್ಲಾಕ ಆಗ್ತದೇನು?"

ಮಲ್ಲಿಕಾಳ ಮೊದಲ ದಾಳಕ್ಕೇ ಆರು. ಜಗದೇವಿಯವರ ನೀಲಿ ದಂಡಿನ ಮೂವರು ನೆಲ ಕಚ್ಚಿದರು.

"ನಿಮ್ಮ ಮಂದಿ ಮೂವರು ಹೋದ್ರು ನೋಡ್ರಿ ಅಕ್ಕಾರ. ಮಜ್ಜಗಿ ಕೊಡ್ಲೇನು?"

"ಕೊಡ್ರಿ. ಸೌಂದರ್ಯಾಂದು ಡಿಗ್ರಿ ಎರಡು ಸಬ್ಜೆಕ್ಟ್ ಉಳದಾವಂತಲ್ಲ? ಇರ್ಲಿ, ನಾವೇನ್ ಕೇಳಿಲ್ಲ. ಹಾಂ, ಇದು ನಿಮ್ಮ ಕುದುರಿಗೆ!"

"ಕುದುರಿ ಹೋಗ್ಲಿ ಬಿಡ್ರಿ. ನಿಮ್ಮ ಹುಡುಗಂದು ಪರ್ಮನೆಂಟ್ ಆರ್ಡರ್ ಬಂತೇನ್ರಿ? ಬರ್ತದ ಬರ್ತದ. ಇದು ನಿಮ್ಮ ಬಿಲ್ಲಿನವ್ರಿಗೆ!"

ಇಬ್ಬರ ಮುಖದಿಂದಲೂ ನಗು ಒಂದು ಕೂದಲಷ್ಟೂ ಸರಿಯಲಿಲ್ಲ. ಟೇಬಲ್ಲಿನ ಮೇಲೆ ಮಾತ್ರ ಹೆಣಗಳ ರಾಶಿ! ಟೇಪು ಹಿಡಿದು ಅಳೆಯುತ್ತಿದ್ದ ಮಾಸ್ತರರಿಗೆ ಮೈಯೆಲ್ಲ ರೋಮಾಂಚನ. ನಲವತ್ತು ನಿಮಿಷದಲ್ಲಿ ಕೆಂಪು ದಂಡಿನ ಕಟ್ಟಕಡೆಯ ಈಟಿಗಾರ, ಮೀಸೆ ತುಸು ಅಳಿಸಿಹೋದವನು, ಗುಡ್ಡದ ತುದಿಯಲ್ಲಿ ಒಬ್ಬನೇ ನಿಂತಿದ್ದ. ಮಲ್ಲಿಕಾ ಗೆದ್ದಿದ್ದಳು.

"ಆತು, ಮದಿವಿ ಕಮಲಾಪುರದಾಗ," ಎಂದು ಜಗದೇವಿಯವರು ಸೆರಗು ಕೊಡವಿ ಎದ್ದರು. "ಆದ್ರ ಊಟಕ್ಕೇನು ಅನ್ನೋದು ಉಳದದಲ್ರಿ? ಬರೋ ಐತವಾರ ಮತ್ತೊಂದ್ ಕೈ."

"ಲೀಗ್!" ಎಂದು ಮಾಸ್ತರರು ಕುಣಿದರು. "ನಿಯಮ ನಲವತ್ತೊಂದು! ಸೋತವ್ರು ಚಹಾ..."

"ಬೀಗ್ತಿ ಕೈಲೆ ಚಹಾ ಮಾಡಸ್ತೀರೇನು? ನಡೀರಿ, ನೀವ ಮಾಡ್ರಿ," ಎಂದಳು ಭಾಗಮ್ಮ. ಮಾಸ್ತರರು ಆ ಚಹಾವನ್ನು ಹಾಡು ಗುನುಗುತ್ತ ಮಾಡಿದರು.

ಮುಂದಿನ ಭಾನುವಾರ ಕಲಬುರಗಿಯ ಬ್ರಹ್ಮಪುರದಲ್ಲಿ, ಮಾಸ್ತರರ ಮನೆಯ ಟೇಬಲ್ಲಿನ ಮೇಲೆ ಊಟದ ಪಟ್ಟಿ ತೀರ್ಮಾನವಾಯಿತು. ಅದರ ಮುಂದಿನ ವಾರ ಬ್ಯಾಂಡು. ಸುದ್ದಿ ಓಣಿಗೆ ಹಬ್ಬಿತು. ಈದಿಗೆ ದಾವತ್ ಯಾರ ಮನೆಯಲ್ಲಿ ಎಂಬ ಆರು ವರ್ಷದ ವ್ಯಾಜ್ಯ ಹೊತ್ತು ಸಲಾವುದ್ದೀನರ ಹೆಂಡತಿ ನಜ್ಮಾ, ನಾದಿನಿ ಆಸ್ಫಿಯಾಳೊಂದಿಗೆ ಬಂದಳು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗದ ಸಲುವಾಗಿ ಸ್ವತಃ ಭಾಗಮ್ಮ ಮೇಲಿನ ಮನೆಯವಳನ್ನು ಎದುರಿಗೆ ಕೂರಿಸಿದಳು. ಟಿ.ವಿ. ರಿಮೋಟಿನ ಸಲುವಾಗಿ ಹಿಂದಿನ ಓಣಿಯ ಅತ್ತೆ ಸೊಸೆ ಬಂದರು. ಎಂಟು ಜನ, ನಾಲ್ಕು ಜೋಡಿ! ಕಲಬುರಗಿಯ ಪ್ರಥಮ ದಂಡಿನಾಟದ ಲೀಗ್ ಭರ್ಜರಿಯಾಗಿ ಶುರುವಾಯಿತು. ಮಾಸ್ತರರ ಹೆಸರು ದೇವೀಂದ್ರಪ್ಪನೆಂದೇ ಉಳಿಯಿತು.

ನಾಲ್ಕನೇ ಭಾನುವಾರ ಮಾಸ್ತರರು ಮೀಸೆ ತಿದ್ದಿ, ಇಸ್ತ್ರಿ ಅಂಗಿ ಹಾಕಿಕೊಂಡು ಟೇಬಲ್ಲಿನ ಬಳಿ ಬಂದರು.

"ನಂದೂ ಒಂದು ಆಟ ಹಾಕ್ರಿ."

ಎಂಟು ತಲೆಗಳು ಮೇಲೆದ್ದವು. ಭಾಗಮ್ಮ ನೋಟ್‌ಬುಕ್ ತಿರುವಿ ಹಾಕಿ ಬೆರಳಿಟ್ಟು ಓದಿದಳು. "ನಿಯಮ ಏಳು. 'ಆಟಗಾರರ ಸಂಖ್ಯೆ ಯಾವಾಗಲೂ ಸರಿಸಂಖ್ಯೆಯಲ್ಲಿಯೇ ಇರತಕ್ಕದ್ದು.' ನೀವು ಒಂಬತ್ತನೇದವ್ರು. ನಿಮಗ ಜೋಡಿ ಇಲ್ರಿ."

"ಅದನ್ನ ಬರದಾಂವ ನಾನ ಅಲ್ಲೇನ!"

"ಅದಕ್ಕ ಮತ್ತ. ಸಹಿ ಅದ. ಎರಡು ಗೆರಿನೂ ಅದಾವ," ಎಂದಳು ಭಾಗಮ್ಮ. "ಮುಂದಿನ ಸಲ ಬರ್ರಿ."

ಹೊಸಲಿನಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ ಹಿಂತಿರುಗಿ ನೋಡಿದ ಆ ಹನ್ನೊಂದನೆಯ ಹುಡುಗ ಮಾಸ್ತರರಿಗೆ ಆಗ ನೆನಪಾದ. ಹೆಸರಾದರೂ ಕೇಳಿಕೊಳ್ಳಬೇಕಾಗಿತ್ತು ಎಂದು ಹಳಹಳಿಸಿದರು. ಹೆಸರು ಕೇಳಿದ್ದರೆ ಇಂದು ಜೋಡಿಯಾಗುತ್ತಿತ್ತು.

ಈಗ ಭಾನುವಾರ ಬಂತೆಂದರೆ ಮಾಸ್ತರರು ಅಡುಗೆಮನೆಯ ನೆಲದ ಮೇಲೆ ಕೂರುತ್ತಾರೆ. ಗುಡ್ಡಕ್ಕೆ ಬೋರಲು ಹಾಕಿದ ಬಟ್ಟಲು. ಎಡಗೈ ಕಡೆಗೆ ಶೇಂಗಾ ದಂಡು, ಬಲಗೈ ಕಡೆಗೆ ಪುಟಾಣಿ, ಅಂದರೆ ಹುರಿಗಡಲೆಯ ದಂಡು. ಸತ್ತವರನ್ನು ತಿನ್ನಬಹುದೆಂಬುದೊಂದೇ ಸಮಾಧಾನ. ಮೊನ್ನೆಯೂ ಹಾಗೆಯೇ ಆಡಿ ಕಡೆಯ ಪುಟಾಣಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದಾಗ ಹೊರಗಿನಿಂದ ದನಿ ಬಂತು.

"ರೀ! ಒಳಗ ನಿಮ್ಮ ಆಟ ಮುಗೀತೇನು?"

"ಮುಗೀತು."

"ಯಾವ ಕೈ ಸೋತ್ತು?"

"ಬಲಗೈ," ಎಂದರು ಮಾಸ್ತರರು, ಕೊನೆಗೂ ಒಬ್ಬರು ಫಲಿತಾಂಶ ಕೇಳಿದರಲ್ಲ ಎಂದು ತುಸು ಹಿಗ್ಗಿ.

"ಹಂಗಾದ್ರ ನಿಯಮ ನಲವತ್ತೊಂದು. ಆ ಕೈಲೆ ಎಂಟು ಕಪ್ ಚಹಾ ಇಡ್ರಿ. ಜಗದೇವಿ ಅಕ್ಕಾರಿಗೆ ಸಕ್ರಿ ಕಡಿಮಿ."