ಎಡ್ವಿನ್ ಲಾರ್ಟರ್ ಓದಲು ಹೇಳಿದ ಪುಸ್ತಕಗಳು

ಎಡ್ವಿನ್ ಲಾರ್ಟರ್ ಸತ್ತದ್ದು ಸೋಮವಾರ. ಅವನ ಹೊಲದ ಮೇಲೆ ಉಳಿದವರ ಕಣ್ಣು ಬಿದ್ದದ್ದೂ ಸೋಮವಾರವೇ. ಆದರೆ ಹೆಣ ಮಣ್ಣಾಗುವವರೆಗೆ ಅದನ್ನು ಬಾಯಿಬಿಟ್ಟು ಹೇಳಬಾರದು ಎಂಬಷ್ಟು ಸಭ್ಯತೆ ಸ್ನೆಟ್ಲಿಯ ನಿಧಿಶೋಧಕರ ಸಂಘಕ್ಕೆ ಇತ್ತು.

ಹೊಲ ಎಡ್ವಿನ್‌ನದೇನೂ ಆಗಿರಲಿಲ್ಲ, ಬುಲಿಮೋರ್ ಮನೆತನದ್ದು. ಅದರಲ್ಲಿ ನೆಲದೊಳಗಿನ ಲೋಹ ಪತ್ತೆಹಚ್ಚುವ ಡಿಟೆಕ್ಟರ್ ಹಿಡಿದು ಓಡಾಡುವ ಅಪ್ಪಣೆ ಮಾತ್ರ ಅವನದು. ನಾರ್ಫೋಕಿನ ಈ ಭಾಗದ ಶೋಧಕರು ಕಾರು ಎರವಲು ಕೊಟ್ಟಾರು, ರಕ್ತ ಕೊಟ್ಟಾರು, ಹೊಲದ ಅಪ್ಪಣೆಯನ್ನು ಮಾತ್ರ ಒಡಹುಟ್ಟಿದವರಿಗೂ ಬಿಟ್ಟುಕೊಡುವುದಿಲ್ಲ. ಅಪ್ಪಣೆ ಇದ್ದವನು ಸತ್ತರೆ ಅದೂ ಸಾಯುತ್ತದೆ. ಆಮೇಲೆ ರೈತನ ಮನಸ್ಸಿಗೆ ಬಂದವನ ಕೈಯಲ್ಲಿ ಮತ್ತೆ ಹುಟ್ಟುತ್ತದೆ. ಇದಂತೂ ಸಾಮಾನ್ಯ ಹೊಲವಲ್ಲ. ಕ್ರೈಸ್ತ ಸನ್ಯಾಸಿಗಳ ಮಠವಿದ್ದ ಕಾಲದಲ್ಲಿ ಅಲ್ಲಿ ಸಂತೆ ಸೇರುತ್ತಿತ್ತು. ಸಂತೆ ಎಂದಮೇಲೆ ಕುಡಿತ, ಕುಡಿತ ಎಂದಮೇಲೆ ಜೇಬಿನಿಂದ ಜಾರಿಬಿದ್ದ ಬೆಳ್ಳಿ.

ಬಸ್ ಡಿಪೋದ ಉಗ್ರಾಣದಲ್ಲಿ ಕೆಲಸ ಮಾಡುವ ಕ್ಲಿಫರ್ಡ್ ಥರ್ಟಲ್‌ಗೆ ಆ ಹೊಲ ಬೇಕೇ ಬೇಕಿತ್ತು. ಅವನಿಗೂ ಒಂದು ಕಾಲದಲ್ಲಿ ಹೊಲಗಳಿದ್ದವು. ಒಂದರಲ್ಲಿ ಸೋಲಾರ್ ಫಲಕ ಎದ್ದವು, ಇನ್ನೊಂದರಲ್ಲಿ ಮನೆಗಳು. ಮೂರನೆಯ ಹೊಲದ ರೈತ ಮರುಮದುವೆಯಾದ. ಹೊಸ ಹೆಂಡತಿಗೆ ಕ್ಲಿಫ್‌ನ ಮುಖ ಸರಿಬರಲಿಲ್ಲ. ಈಗ ಅವನು ಭಾನುವಾರಗಳಂದು ಡಿಟೆಕ್ಟರನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು, ಪರರ ಬೇಲಿಯ ಪಕ್ಕ ಗಾಡಿ ನಿಲ್ಲಿಸಿ, ಫ್ಲಾಸ್ಕಿನ ಚಹಾ ಕುಡಿದು ವಾಪಸು ಬರುತ್ತಿದ್ದ. ಮನೆಯಲ್ಲಿ ಕಾಯುವವರು ಯಾರೂ ಇರಲಿಲ್ಲ. ಭಾನುವಾರ ಎಂಬುದು ವಾರದಲ್ಲಿ ಅಷ್ಟು ಉದ್ದವಾದ ದಿನ ಎಂದು ಅವನಿಗೆ ಮೊದಲು ಗೊತ್ತೇ ಇರಲಿಲ್ಲ.

ಎಡ್ವಿನ್ ಸಂಘಕ್ಕೆಲ್ಲ ಗುರು. ಬೇರೆ ಗುರುಗಳು ಯಂತ್ರ ಹಿಡಿಯುವುದನ್ನು ಕಲಿಸಿದರೆ ಇವನು ಓದಲು ಪುಸ್ತಕ ಹೇಳುತ್ತಿದ್ದ. ಹಳೆಯ ಕಾಲುವೆಗಳ ಬಗ್ಗೆ ಒಂದು, ಕುರಿ ದಾರಿಗಳ ಬಗ್ಗೆ ಒಂದು, ಪಾದ್ರಿಗಳ ಜಗಳಗಳ ಬಗ್ಗೆ ಒಂದು. ಶಿಷ್ಯರು ತಲೆಯಾಡಿಸುತ್ತಿದ್ದರು. ತಿಂಗಳ ನಂತರ ಎಡ್ವಿನ್ ಕೇಳುತ್ತಿದ್ದ:

“ಓದಿದೆಯಾ ಕ್ಲಿಫ್?”

“ಓದಿದೆ.”

“ಹೇಗಿತ್ತು?”

“ಮಧ್ಯಭಾಗ ಚೆನ್ನಾಗಿತ್ತು.”

ಎಡ್ವಿನ್ ಗಂಭೀರವಾಗಿ ತಲೆದೂಗುತ್ತಿದ್ದ. ಕ್ಲಿಫ್ ಒಂದನ್ನೂ ಓದಿರಲಿಲ್ಲ. ಹುಡುಕಲೂ ಹೋಗಿರಲಿಲ್ಲ.

ಶುಕ್ರವಾರ ಜಿಟಿಜಿಟಿ ಮಳೆಯಲ್ಲಿ ಎಡ್ವಿನ್‌ನನ್ನು ಮಣ್ಣುಮಾಡಿದರು. ಗುಂಡಿಯ ಸುತ್ತ ನಿಂತ ಸಂಘದವರು ತಲೆ ತಗ್ಗಿಸಿದ್ದು ದುಃಖಕ್ಕೋ, ಅಗೆದ ಮಣ್ಣು ಕಂಡಾಗಿನ ಅಭ್ಯಾಸಬಲಕ್ಕೋ ಹೇಳುವುದು ಕಷ್ಟ. ಕ್ಲಿಫ್‌ನ ದುಃಖ ಮಾತ್ರ ನಿಜವಾದದ್ದು. ತನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವರಲ್ಲಿ ಒಬ್ಬ ಕಡಿಮೆಯಾಗಿದ್ದ, ಉಳಿದವರು ಬಹಳ ಇರಲಿಲ್ಲ.

ಆಮೇಲೆ ಊರಿನ ಹಾಲ್‌ನಲ್ಲಿ ಚಹಾ. ಅನಾಹುತಕ್ಕೆ ಕಾರಣವಾದದ್ದು ಒಂದು ಹ್ಯಾಮ್ ಸ್ಯಾಂಡ್‌ವಿಚ್. ಕ್ಲಿಫ್ ಅದನ್ನು ಒಂದೇ ತುತ್ತಿಗೆ ಬಾಯಿಗೆ ತುರುಕಿಕೊಂಡ ಗಳಿಗೆಯಲ್ಲಿ ಸಂಘದ ಕಾರ್ಯದರ್ಶಿ ಬೆರಿಲ್ ಡ್ಯಾಕ್ ಅವನ ಮೊಣಕೈ ಹಿಡಿದಳು.

“ಕಿಟಕಿ ಹತ್ರ ನೋಡು, ಹೊರೇಸ್ ಬುಲಿಮೋರ್ ಬಂದಿದಾನೆ. ಓದೋರು ಅಂದ್ರೆ ಅವನಿಗೆ ತುಂಬ ಗೌರವ. ಎಡ್ವಿನ್‌ಗೆ ಹೊಲ ಸಿಕ್ಕಿದ್ದೂ ಅದಕ್ಕೇ ಅಂತಾರೆ. ಎಡ್ವಿನ್ ಹೇಳಿದ ಪುಸ್ತಕಾನೆಲ್ಲ ಓದಿರೋನು ನೀನೊಬ್ಬನೇ, ಅಲ್ವಾ?”

ಬಾಯಿ ತುಂಬಿದವನು ಏನು ಮಾಡಿಯಾನು? ತಲೆಯಾಡಿಸಿದ. ಅದು ಹೌದೆಂದೂ ಅಲ್ಲ, ಅಲ್ಲವೆಂದೂ ಅಲ್ಲ, ನುಂಗಲು ಬಿಡು ಎಂದಷ್ಟೇ. ನುಂಗುವಷ್ಟರಲ್ಲಿ ಬೆರಿಲ್ ಚಮಚೆಯಿಂದ ಕಪ್ಪನ್ನು ತಟ್ಟಿಯಾಗಿತ್ತು.

“ಎಲ್ರೂ ಸ್ವಲ್ಪ ಇಲ್ಲಿ ಕೇಳಿ. ಎಡ್ವಿನ್ ಓದಿ ಓದಿ ಅಂತ ಹೇಳ್ತಿದ್ದ ಪುಸ್ತಕಗಳ ಬಗ್ಗೆ ಕ್ಲಿಫರ್ಡ್ ನಾಲ್ಕು ಮಾತಾಡ್ತಾನೆ.”

ಕ್ಲಿಫ್ ಎದ್ದು ನಿಂತ. ಗುರು ಹೇಳಿದ್ದ ಹೆಸರುಗಳಲ್ಲಿ ಒಂದಾದರೂ ನೆನಪಾಗಬೇಡವೇ? ತಲೆ ತೊಳೆದಿಟ್ಟ ಪಾತ್ರೆಯಾಗಿತ್ತು. ಕಿಟಕಿಯ ಬಳಿ ಬುಲಿಮೋರ್ ಒದ್ದೆ ಟೋಪಿಯನ್ನು ಹಿಂಡುತ್ತ, ನೇರವಾಗಿ ಇವನನ್ನೇ ನೋಡುತ್ತಿದ್ದ.

“ಎಡ್ವಿನ್ ನನಗೆ ಎಷ್ಟೋ ಪುಸ್ತಕ ಹೇಳಿದ,” ಎಂದು ಕ್ಲಿಫ್ ಶುರುಮಾಡಿದ. “ಆದ್ರೆ ಒಂದನ್ನ ಮಾತ್ರ ಕಿವೀಲಿ ಹೇಳಿದ. ಪಾದ್ರಿ ಆಂಬ್ರೋಸ್ ಟಫ್ ಬರೆದ ‘ಹದಿಮೂರು ಬದುಗಳು’. ಹೊಲ ಅಂದ್ರೇನು ಅಂತ ನನಗೆ ಗೊತ್ತಾಗಿದ್ದು ಅದರಿಂದ.”

ಅಂಥ ಪಾದ್ರಿ ಹುಟ್ಟಿರಲಿಲ್ಲ. ಕ್ಲಿಫ್ ಯಾರಾದರೂ ನಗುವುದನ್ನು ಕಾಯುತ್ತ ನಿಂತ.

ಯಾರೂ ನಗಲಿಲ್ಲ. ಇನ್ನೊಬ್ಬನಿಗೆ ಗೊತ್ತಿರುವ ಜಾಗ ತನಗೆ ಗೊತ್ತಿಲ್ಲವೆಂದು ಒಪ್ಪುವ ಶೋಧಕ ಇನ್ನೂ ಹುಟ್ಟಿಲ್ಲ. ಪುಸ್ತಕಕ್ಕೂ ಅದೇ ನಿಯಮ ಅನ್ವಯಿಸಿತು. ಮೊದಲು ಗಂಟಲು ಸರಿಮಾಡಿಕೊಂಡವನು ಅಧ್ಯಕ್ಷ ಮಾರಿಸ್ ಗೆಡ್ಜ್.

“ಹದಿಮೂರು ಬದುಗಳು. ಹ್ಞೂಂ. ನನ್ನ ಹತ್ರ ಮೊದಲನೇ ಮುದ್ರಣವೇ ಇದೆ. ನನಗೂ ಕಿವೀಲೇ ಹೇಳಿದ್ದು.”

“ಮೊದಲನೇದು ಪರವಾಗಿಲ್ಲ,” ಎಂದಳು ಬೆರಿಲ್. “ಎರಡನೇ ಮುದ್ರಣದಲ್ಲಿ ಬೆಲ್ಟಿನ ಬಕಲ್ ಬಗ್ಗೆ ಒಂದು ತಪ್ಪು ಬಿದ್ದಿದೆ. ಪ್ರಕಾಶಕರಿಗೆ ಬರೆದಿದ್ದೆ, ಉತ್ತರ ಬರಲಿಲ್ಲ.”

“ಟಫ್‌ಗೆ ವಯಸ್ಸಾಗಿತ್ತು ಪಾಪ,” ಎಂದ ಮಾರಿಸ್.

ಎಡ್ವಿನ್‌ನ ವಿಧವೆ ಮೇವಿಸ್ ಕರವಸ್ತ್ರದಿಂದ ಮೂಗೊರೆಸಿಕೊಂಡಳು. “ಹಾಸಿಗೆ ಪಕ್ಕದಲ್ಲೇ ಇರ್ತಿತ್ತು ಅದು. ನನ್ನ ಮುಖಕ್ಕಿಂತ ಜಾಸ್ತಿ ಅದನ್ನೇ ನೋಡ್ತಿದ್ರು.”

ಕ್ಲಿಫ್ ಕುಸಿದು ಕುಳಿತ. ಪುಸ್ತಕವನ್ನು ತಾನೇ ಹುಟ್ಟಿಸಿದೆನೋ, ಅಥವಾ ಎಲ್ಲೋ ನಿಜವಾಗಿ ಓದಿದ್ದೆನೋ ಎಂದು ಅವನಿಗೇ ಅನುಮಾನ ಬರತೊಡಗಿತು.

ಬುಲಿಮೋರ್ ಜನರ ನಡುವೆ ಎತ್ತಿನಂತೆ ದಾರಿ ಮಾಡಿಕೊಂಡು ಬಂದ.

“ನೀನೇನಾ ಥರ್ಟಲ್? ಮಧ್ಯಾಹ್ನ ಮನೆ ಕಡೆ ಬಾ. ಆ ಪುಸ್ತಕ ತಗೊಂಡೇ ಬಾ. ಹೊಲದ ವಿಷಯ ಮಾತಾಡೋಣ.”

ಸುತ್ತಲಿನ ಮುಖಗಳೆಲ್ಲ ಹಾಲು ಒಡೆದಂತೆ ಒಡೆದವು. ಕ್ಲಿಫ್ ಹಿಗ್ಗಿದ. ಮರುಕ್ಷಣವೇ ಆ ಹಿಗ್ಗು ಇಳಿಯಿತು. ಪುಸ್ತಕ ಎಲ್ಲಿಂದ ತರುವುದು? ಇದ್ದ ದಾರಿ ಒಂದೇ. ಇದೆ ಎಂದವರನ್ನು ಕೇಳುವುದು.

“ಮಾರಿಸ್, ನಿನ್ನ ಪ್ರತಿ ಒಂದಿನದ ಮಟ್ಟಿಗೆ ಕೊಡ್ತೀಯಾ? ನಂದು ಹಳೇ ಮನೇಲಿ ಉಳಿದುಹೋಯ್ತು.”

“ಕೊಡ್ತಿದ್ದೆ ಮಾರಾಯ. ಲಿಂಕನ್‌ನಲ್ಲಿ ಒಬ್ಬ ಓದ್ತೀನಿ ಅಂತ ಇಸ್ಕೊಂಡು ಹೋದ. ಅಂಥೋರಿಗೆಲ್ಲ ಪುಸ್ತಕ ಕೊಡಬಾರದು ನೋಡು.”

“ಬೆರಿಲ್?”

“ನಂದು ಸಿಂಕಿನ ಪೈಪ್ ಒಡೆದಾಗ ನೆಂದುಹೋಯ್ತು ಕಣೋ. ಬರೀ ರಟ್ಟು ಉಳೀತು.”

ಕೊನೆಗೆ ಮನಸ್ಸು ಗಟ್ಟಿಮಾಡಿ ಮೇವಿಸ್‌ಳನ್ನೇ ಕೇಳಿದ. ಆಕೆ ಅವನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.

“ಅದನ್ನ ಅವರ ಜೊತೇಲೇ ಇಟ್ಬಿಟ್ಟೆ ಕಣಪ್ಪ. ಪೆಟ್ಟಿಗೆ ಒಳಗೆ, ಎದೆ ಮೇಲೆ.”

ಈ ಮಾತು ಹಾಲ್ ತುಂಬ ಹರಡಲು ಒಂದು ಕಪ್ ಚಹಾ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಒಬ್ಬಿಬ್ಬರು ಸ್ಮಶಾನದ ಕಡೆಗಿನ ಕಿಟಕಿಯತ್ತ ಸರಿದು ಯೋಚನಾಮಗ್ನರಾಗಿ ನಿಂತರು. ಕಾಗದಕ್ಕೆ ಡಿಟೆಕ್ಟರ್ ಕೂಗುವುದಿಲ್ಲ ಎಂದು ನೆನಪಾದ ಮೇಲೆ ನಿಟ್ಟುಸಿರುಬಿಟ್ಟು ಕೇಕಿನ ಕಡೆ ತಿರುಗಿದರು.

ಬಾಗಿಲ ಬಳಿ, ಚರ್ಚಿನ ಸಹಾಯಾರ್ಥ ಮಾರಾಟಕ್ಕಿಟ್ಟ ಹಳೆಯ ಪುಸ್ತಕಗಳ ಕಪಾಟಿತ್ತು. ಕ್ಲಿಫ್ ಅದರಲ್ಲಿ ದಪ್ಪಗಿದ್ದ ಒಂದನ್ನು ಎಳೆದುಕೊಂಡ. ಉಣ್ಣೆಯ ಸ್ವೆಟರ್ ಹೆಣೆಯುವ ಮಾದರಿಗಳ ಪುಸ್ತಕ. ಕೇಕಿನ ಡಬ್ಬಿಗೆ ಸುತ್ತಿದ್ದ ಕಂದು ಕಾಗದದಿಂದ ಅದಕ್ಕೆ ಹೊದಿಕೆ ಹಾಕಿದ. ಬೆನ್ನಿನ ಮೇಲೆ ಬೆಣ್ಣೆಯ ಒಂದು ಕಲೆ ಉಳಿಯಿತು. ಅದರಿಂದ ಪುಸ್ತಕಕ್ಕೆ ಪ್ರಾಚೀನತೆಯೇ ಬಂದಂತಾಯಿತು.

ಬುಲಿಮೋರ್‌ನ ಅಂಗಳದಲ್ಲಿ ಕೆಸರು ಕಣಕಾಲು ಮುಟ್ಟುತ್ತಿತ್ತು. ಬೀಟ್ ಗೆಡ್ಡೆಯ ಬೆಳೆ ಕಿತ್ತಾಗಿತ್ತು. ಮನೆಯ ಹಿಂದೆ ಸಂತೆ ಹೊಲ ಒದ್ದೆಯಾಗಿ, ಕಪ್ಪಗೆ, ಯಾರ ಹೆಜ್ಜೆಯೂ ಇಲ್ಲದೆ ಮಲಗಿತ್ತು. ಚಳಿಗಾಲದ ಬಿತ್ತನೆಗೆ ಮೊದಲು ಸಿಗುವ ಕೆಲವೇ ಭಾನುವಾರಗಳು ಇವು. ಕ್ಲಿಫ್ ಅದನ್ನು ನೋಡುತ್ತ ನಿಂತ ರೀತಿಗೆ ನಾಯಿ ಕೂಡ ಬೊಗಳುವುದನ್ನು ನಿಲ್ಲಿಸಿತು.

“ಹೊಲ ನಮ್ಮ ಸೋದರತ್ತೆ ಹೆಸರಲ್ಲಿದೆ,” ಎಂದು ಬುಲಿಮೋರ್ ಒಳಗೆ ಕರೆದೊಯ್ಯುತ್ತ ಹೇಳಿದ. “ಅಪ್ಪಣೆ ಕೊಡೋಳು ಅವಳು. ಕಣ್ಣು ಹೋಗಿದೆ. ಬಂದೋನು ಮೊದಲು ಅವಳಿಗೆ ಒಂದು ಅಧ್ಯಾಯ ಓದಿ ಹೇಳಬೇಕು, ಆಮೇಲೆ ಹೊಲಕ್ಕೆ ಇಳೀಬಹುದು. ಎಡ್ವಿನ್ ಒಂದು ಭಾನುವಾರಾನೂ ತಪ್ಪಿಸಲಿಲ್ಲ. ಊಟ ಆದ ತಕ್ಷಣ ಬಂದುಬಿಡ್ತಿದ್ದ.”

“ಅಧ್ಯಾಯ ಎಷ್ಟೊತ್ತಿಗೆ ಮುಗೀತಿತ್ತು?”

ಬುಲಿಮೋರ್ ಪ್ರಾಮಾಣಿಕವಾಗಿ ಯೋಚಿಸಿದ. “ಕತ್ತಲಾಗ್ತಿದ್ದಂಗೆ.”

“ಕತ್ತಲಾದ್ಮೇಲೆ ಹೊಲಕ್ಕೆ?”

“ಕತ್ತಲಲ್ಲಿ ಅಗೆಯೋನು ಕಳ್ಳ ಅಂತ ನಿಮ್ಮ ಸಂಘದ ಕಾಗದದಲ್ಲೇ ಬರ್ದಿದೆಯಲ್ಲಯ್ಯ. ಎಡ್ವಿನ್ ನಿಯಮದ ಮನುಷ್ಯ. ಸೀದಾ ಮನೆಗೆ ಹೋಗ್ತಿದ್ದ.”

ಸಂತೆ ಹೊಲದಿಂದ ಎಡ್ವಿನ್ ಏನನ್ನೂ ತಂದು ತೋರಿಸಿರಲಿಲ್ಲ. ಕೇಳಿದರೆ, ಹೊಲ ಇನ್ನೂ ಹದಕ್ಕೆ ಬಂದಿಲ್ಲ ಎನ್ನುತ್ತಿದ್ದ. ಅಲ್ಲಿ ಎಂಥ ನಿಧಿ ಸಿಕ್ಕಿರಬೇಕು, ಇಷ್ಟು ಬಚ್ಚಿಡುತ್ತಾನಲ್ಲ ಎಂದು ಸಂಘವೆಲ್ಲ ಹೊಟ್ಟೆ ಉರಿದುಕೊಂಡಿತ್ತು.

ವಿನಿಫ್ರೆಡ್ ಅತ್ತೆ ಒಲೆಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಒಣದ್ರಾಕ್ಷಿಯಂತೆ ಕುಳಿತಿದ್ದಳು. ಬುಲಿಮೋರ್ ಕ್ಲಿಫ್‌ನನ್ನು ಎದುರಿಗೆ ಕೂರಿಸಿ, ಹೆಸರು ಹೇಳಿ ಪರಿಚಯಿಸಿ ಅಡುಗೆಮನೆಗೆ ಹೋದ. ಬಾಗಿಲನ್ನು ಪೂರ್ತಿ ಹಾಕಲಿಲ್ಲ.

“ಏನು ತಂದಿದೀಯ?” ಎಂದಳು ಮುದುಕಿ.

“ಹದಿಮೂರು ಬದುಗಳು.”

“ಶುರುಮಾಡು.”

ಕ್ಲಿಫ್ ತೆರೆದ. ಎರಡು ಸೂಜಿ, ನಾಲ್ಕು ಎಳೆ, ತೋಳಿನ ಅಳತೆ. ಅವನು ಕಣ್ಣು ಮುಚ್ಚಿ, ಬಾಯಿಗೆ ಬಂದದ್ದನ್ನು ಹೇಳತೊಡಗಿದ. ಒಬ್ಬ ಬಡ ಸನ್ಯಾಸಿ, ಅವನಿಗೊಂದು ಕುಂಟ ಕತ್ತೆ, ಮಠದ ಬೆಳ್ಳಿಯನ್ನೆಲ್ಲ ರಾಜನ ಕಡೆಯವರಿಂದ ಉಳಿಸಲು ಅವನು ಬದುವಿನಿಂದ ಬದುವಿಗೆ ಹೊತ್ತು ತಿರುಗುವುದು. ಹೇಳುತ್ತ ಹೇಳುತ್ತ ಕತೆ ಅವನನ್ನೇ ಎಳೆದುಕೊಂಡು ಹೋಯಿತು. ಕತ್ತೆ ಸಾಯುವ ಜಾಗಕ್ಕೆ ಬಂದಾಗ ಬೆಳಗಿನಿಂದ ಅದುಮಿಟ್ಟಿದ್ದ ಎಡ್ವಿನ್‌ನ ಸಾವೂ ಸೇರಿಕೊಂಡು ದನಿ ಒಡೆಯಿತು.

ಮುದುಕಿ ಮುಂದಕ್ಕೆ ಬಾಗಿ ಪಿಸುಗುಟ್ಟಿದಳು.

“ಹಾಳೆ ತಿರುಗಿಸಯ್ಯಾ.”

“ಹ್ಞಾಂ?”

“ಎಷ್ಟೊತ್ತು ಒಂದೇ ಹಾಳೆ ಓದ್ತೀಯ? ಹೊರೇಸ್ ಆಚೆ ಕಿವಿ ಕೊಟ್ಕೊಂಡು ಕೂತಿರ್ತಾನೆ. ಅವನಿಗೆ ಪುಸ್ತಕ ಅಂದ್ರೆ ನಿಜ, ಬಾಯಲ್ಲಿ ಹೇಳಿದ್ರೆ ಸುಳ್ಳು. ಎಡ್ವಿನ್‌ಗೂ ಮೊದಮೊದಲು ಮರೆತುಹೋಗ್ತಿತ್ತು.”

ಕ್ಲಿಫ್ ಹಾಳೆ ತಿರುಗಿಸಿದ. ಆಮೇಲೆ ಅರ್ಥವಾಯಿತು.

“ಎಡ್ವಿನ್ ಕೂಡ…”

“ಅವನು ತರ್ತಿದ್ದದ್ದು ಟೆಲಿಫೋನ್ ಡೈರೆಕ್ಟರಿ. ಒಂದಿನ ನನ್ನ ಕಾಲ್ಮೇಲೆ ಬೀಳಿಸಿದ, ತೂಕದಲ್ಲೇ ಗೊತ್ತಾಯ್ತು. ಅವತ್ತಿಂದ ಹೆಸರು ನಾನಿಡೋದು, ಕತೆ ಅವನು ಕಟ್ಟೋದು. ಕಾಲುವೆ ಪುಸ್ತಕ, ಕುರಿ ದಾರಿ ಪುಸ್ತಕ, ಎಲ್ಲ ಈ ಒಲೆ ಮುಂದೇನೇ ಆಗಿದ್ದು. ಅವನು ಬಂದು ನಿಮಗೆಲ್ಲ ಓದಿ ಅಂತಿದ್ದನಂತೆ, ನೀವೆಲ್ಲ ಓದಿದ್ವಿ ಅಂತಿದ್ರಂತೆ.” ಅವಳು ಶಾಲಿನೊಳಗೇ ನಕ್ಕು ಕುಲುಕಿದಳು. “ಭಾನುವಾರ ಅಷ್ಟು ನಗ್ತಿದ್ವಿ, ಹೊರೇಸ್ ಕೇಳಿದ್ರೆ ತಮಾಷೆ ಅಧ್ಯಾಯ ಅಂತಿದ್ವಿ.”

ಕ್ಲಿಫ್ ಕಿಟಕಿಯತ್ತ ನೋಡಿದ. ಹೊಲದ ಮೇಲೆ ಇನ್ನೂ ಒಂದಿಷ್ಟು ಬೂದು ಬೆಳಕಿತ್ತು.

“ಅಪ್ಪಣೆ ಕೊಡ್ತೀರಾ ಹಾಗಾದ್ರೆ?”

“ಕೊಟ್ಟೆ. ಕತೆ ಹೇಳೋದು ಬರುತ್ತೆ ನಿನಗೆ. ಭಾನುವಾರದಿಂದ ಬಾ.”

ಅವನು ಎದ್ದ. “ಇವತ್ತು ಸ್ವಲ್ಪ ಬೆಳಕಿದೆ. ಒಂದೇ ಒಂದು ಸುತ್ತು ಹಾಕಿ ಬರಲಾ?”

“ಕೂತ್ಕೋ ಕೂತ್ಕೋ. ನಿನ್ನ ಕತ್ತೆ ಕತೆ ಇರಲಿ, ಆಮೇಲೆ ನೋಡೋಣ. ಎಡ್ವಿನ್ ಒಂದನ್ನ ಅರ್ಧಕ್ಕೆ ಬಿಟ್ಟು ಹೋಗ್ಬಿಟ್ಟ, ಅದು ಮೊದಲು ಮುಗೀಬೇಕು. ‘ಬಿಷಪ್ಪನ ಎಡಗಾಲಿನ ಬೂಟು’. ಬಾವಿಯೊಳಗೆ ಇಳಿದವನು ಕಿರುಚಿದ, ಅಲ್ಲಿಗೆ ನಿಂತಿದೆ. ನಾಲ್ಕು ದಿನದಿಂದ ನನಗೆ ನಿದ್ದೆ ಇಲ್ಲ.”

“ಅದು ನನಗೆ ಹೇಗೆ ಗೊತ್ತಿರುತ್ತೆ ಅಜ್ಜಿ?”

“ಗೊತ್ತಿಲ್ಲದೆ ಏನು? ಹೋದ ಭಾನುವಾರ ಎಡ್ವಿನ್ ಹೇಳಿದ್ದ. ಕ್ಲಿಫ್ ಅದನ್ನ ಎರಡು ಸಲ ಓದಿದಾನೆ, ಕೊನೇ ಅಧ್ಯಾಯ ಓದ್ತಾ ಅತ್ತೇ ಬಿಟ್ಟನಂತೆ.” ಮುದುಕಿ ಶಾಲನ್ನು ಕುತ್ತಿಗೆಯವರೆಗೆ ಎಳೆದುಕೊಂಡು ಒರಗಿದಳು. “ನಿಧಾನಕ್ಕೆ ಹೇಳು. ಏನನ್ನೂ ಬಿಡಬೇಡ.”