ಮಾವನ ಜೀಪಿನ ನಡುಕ

ಊರ ಅಗಸೆಬಾಗಿಲಿನಿಂದ ತನ್ನ ಹೊಲದವರೆಗೆ ಜೀಪನ್ನು ರಿವರ್ಸ್ ಗೇರಿನಲ್ಲೇ ಓಡಿಸಿಕೊಂಡು ಹೋದ ಮನುಷ್ಯ ಭೂಮಿಯ ಮೇಲೆ ಒಬ್ಬನೇ ಇರಬೇಕು. ಅವನು ನನ್ನ ಸೋದರಮಾವ! ಅವನಿಗೆ ತಲೆ ಕೆಟ್ಟಿದೆ ಎನ್ನುವವರು ಅವನ ಊರಾದ ಮಸರಕಲ್ಲಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ತಲೆ ಕೆಟ್ಟವರು ಇಷ್ಟು ಶಿಸ್ತಾಗಿ ಯೋಚನೆ ಮಾಡುತ್ತಾರೆಯೇ?

ಇದೆಲ್ಲ ಶುರುವಾದದ್ದು ಅತ್ತೆಯ ಬೆನ್ನಿನಿಂದ. ರಾಯಚೂರಿನಲ್ಲಿ ಆಪರೇಷನ್ ಆದ ಮೇಲೆ ಅವಳು ಅಲ್ಲೇ ನಮ್ಮ ಮನೆಯಲ್ಲಿ ಇದ್ದಳು. ಊರಿಗೆ ಹೋಗಬಹುದು, ಆದರೆ ದಾರಿಯಲ್ಲಿ ಬೆನ್ನಿಗೆ ಜರ್ಕು ಬೀಳಕೂಡದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಬಾಡಿಗೆಗೆ ಒಂದು ಒಳ್ಳೆ ಕಾರು ಹೇಳೋಣವೇ ಎಂದೆ. ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವಳು ಆಸ್ಪತ್ರೆಗೆ ಬಂದದ್ದು ತನ್ನ ಜೀಪಿನಲ್ಲಿ, ಮನೆಗೆ ಹೋಗುವುದೂ ಅದರಲ್ಲೇ ಎಂದು ತೀರ್ಪು ಕೊಟ್ಟ. ಅತ್ತೆಯೂ ಹೂಂ ಎಂದಳು!

ಆ ಜೀಪಿನ ವಯಸ್ಸು ಕೇಳಬೇಡಿ. ನಾಲ್ಕೂ ಗಾಲಿ ಎಳೆಯುವ ಗಾಡಿ. ಗದ್ದೆಯ ಕೆಸರಿನಲ್ಲಿ ಟ್ರ್ಯಾಕ್ಟರು ಸಿಕ್ಕಿಕೊಂಡರೆ ಊರವರು ಇದನ್ನೇ ಕರೆಯುತ್ತಾರೆ. ಆದರೆ ಫಸ್ಟ್ ಗೇರು ಹಾಕಿ ಕ್ಲಚ್ಚಿನ ಮೇಲಿಂದ ಕಾಲು ಎತ್ತಿದರೆ ಮುಗಿಯಿತು. ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿ, ಆಮೇಲೆ ಏನೂ ಆಗಿಲ್ಲವೆಂಬಂತೆ ಓಡುತ್ತಿತ್ತು.

ದೇವದುರ್ಗದ ಮಿಸ್ತ್ರಿ ಕ್ಲಚ್ ಪ್ಲೇಟ್ ಸವೆದಿದೆ ಎಂದು ಹೊಸದು ಹಾಕಿದ. ನಡುಕ ಜಗ್ಗಲಿಲ್ಲ. ಮಾನ್ವಿಯ ಮಿಸ್ತ್ರಿ ಪ್ಲೇಟಿಗೆ ಎಣ್ಣೆ ಇಳಿದಿರಬೇಕೆಂದು ಗೇರ್ ಬಾಕ್ಸನ್ನೇ ಕೆಳಗಿಳಿಸಿ ನೋಡಿದ. ಒಂದು ಹನಿ ಎಣ್ಣೆ ಇರಲಿಲ್ಲ. ಇನ್ನು ಮುಂದೆ ತಾನೇ ವೈದ್ಯ ಎಂದು ಮಾವ ಘೋಷಿಸಿದ.

ಅವನ ಮೊದಲ ಉಪಕರಣ ಯಾವುದು ಗೊತ್ತೇ? ಒಂದು ಗಡಿಗೆ ಮೊಸರು! ಅತ್ತೆ ಕೂಡುವ ಮುಂದಿನ ಸೀಟಿನಲ್ಲಿ ಅದನ್ನು ಟವೆಲ್ಲಿನಿಂದ ಬಿಗಿದು ಕಟ್ಟಿದ. ನೀರಾದರೆ ಚೆಲ್ಲಿ ಆರಿಹೋಗುತ್ತದೆ, ಮೊಸರು ಮಾತ್ರ ಆದದ್ದನ್ನು ಮುಚ್ಚಿಡುವುದಿಲ್ಲ ಎಂಬುದು ಅವನ ವಾದ. ಸಿರವಾರದ ಮೇಲೆ ಹಾದು, ನಿಲ್ಲಿಸಿ ನಿಲ್ಲಿಸಿ ಹೊರಡುತ್ತ, ಮಾನ್ವಿ ಮುಟ್ಟುವಷ್ಟರಲ್ಲಿ ಗಡಿಗೆಯಲ್ಲಿ ಬೆಣ್ಣೆ ತೇಲುತ್ತಿತ್ತು. ಆ ಬೆಣ್ಣೆಯನ್ನು ಡಬ್ಬಿಯಲ್ಲಿ ರಾಯಚೂರಿಗೆ ತಂದು ಅತ್ತೆಯ ರೊಟ್ಟಿಯ ಮೇಲಿಟ್ಟ.

"ಇನ್ನೂ ನಡುಗಾಕತ್ತದೇನು?" ಎಂದಳು ಅತ್ತೆ.

"ಸ್ವಲ್ಪ" ಎಂದ ಮಾವ.

ಡಬ್ಬಿ ತುಂಬ ಬೆಣ್ಣೆಯಿತ್ತು! ಆಮೇಲೆ ಅವನು ಬಂದಾಗಲೆಲ್ಲ ಅತ್ತೆ ಮೊದಲು ನೋಡುತ್ತಿದ್ದುದು ಡಬ್ಬಿಯನ್ನು, ಗಂಡನ ಮುಖವನ್ನಲ್ಲ. ಬೆಣ್ಣೆ ಇದ್ದರೆ ಮನೆ ದೂರ ಎಂದು ಅರ್ಥ. ಅವಳು ಸುಮ್ಮನೆ ಗೋಡೆಯ ಕಡೆ ಹೊರಳುತ್ತಿದ್ದಳು.

ಒಂದು ದಿನ ಕೊಟ್ಟಿಗೆಯಿಂದ ಜೀಪನ್ನು ಹಿಂದಕ್ಕೆ ತೆಗೆಯುವಾಗ ಮಾವನಿಗೆ ಒಂದು ವಿಚಿತ್ರ ಕಂಡಿತು: ನಡುಕವೇ ಇಲ್ಲ! ಖಾತ್ರಿ ಮಾಡಿಕೊಳ್ಳಬೇಕಲ್ಲ? ಅದಕ್ಕೇ ಆ ರಿವರ್ಸ್ ಮೆರವಣಿಗೆ. ಮುಂದಕ್ಕೆ ಹೋಗುವುದು ಮರೆತೀರೇನು ಎಂದು ಊರವರು ಕೇಳಿದರಂತೆ. ನಮ್ಮ ಮನೆಗೆ ಬಂದಾಗ ಅವನ ಕತ್ತು ಇನ್ನೂ ಒಂದು ಕಡೆ ವಾಲಿತ್ತು.

"ಹಿಂದಕ್ಕ ಹೋದ್ರ ನಡುಗಂಗಿಲ್ಲಲೇ. ಹಂಗಂದ್ರ ರೋಗ ಕ್ಲಚ್ಚಿಂದಲ್ಲ."

ಹಾಗಾದರೆ ಅತ್ತೆಯನ್ನು ರಿವರ್ಸಿನಲ್ಲೇ ಊರಿಗೆ ಕರೆದುಕೊಂಡು ಹೋಗು ಎಂದು ತಮಾಷೆ ಮಾಡಿದೆ. ಅವನು ಅದನ್ನು ಗಂಭೀರವಾಗಿ ಯೋಚಿಸತೊಡಗಿದಾಗ ನನಗೆ ಹೆದರಿಕೆಯಾಯಿತು.

ಕಡೆಗೆ ಕಳ್ಳ ಸಿಕ್ಕಿದ. ಇಂಜಿನ್ನನ್ನು ಕೆಳಗಿನಿಂದ ಹೊತ್ತಿರುವ ರಬ್ಬರು ಒಂದು ಕಡೆ ಒಳಗೊಳಗೇ ಹರಿದಿತ್ತು. ಮುಂದಕ್ಕೆ ಹೊರಟಾಗ ಇಂಜಿನ್ ಅಲ್ಲಿಂದ ಎದ್ದೆದ್ದು ಕುಣಿಯುತ್ತಿತ್ತು. ಹಿಂದಕ್ಕೆ ಹೊರಟಾಗ ಅದೇ ರಬ್ಬರನ್ನು ಒತ್ತಿಕೊಂಡು ತೆಪ್ಪಗಿರುತ್ತಿತ್ತು. ಮೇಲಿಂದ ನೋಡಿದರೆ ಯಾರಿಗೂ ಕಾಣದು. ಹೊಸ ರಬ್ಬರು ಹಾಕಿ ಮಾವ ರಾಯಚೂರಿಗೆ ಬಂದ. ಗಡಿಗೆಯಲ್ಲಿದ್ದ ಮೊಸರಿನ ಕೆನೆ ಕೂಡ ಒಡೆದಿರಲಿಲ್ಲ. ಅತ್ತೆ ಇಣುಕಿ ನೋಡಿ, ಸೀರೆಗಳನ್ನು ಚೀಲಕ್ಕೆ ತುಂಬಲು ಹೇಳಿದಳು.

ಮರುದಿನ ಬೆಳಿಗ್ಗೆ ನೋಡಿದರೆ ನಮ್ಮ ಮನೆಯ ಮುಂದೆ ಜೀಪು, ಅದರ ಹಿಂದೆ ಒಂದು ಬಾಡಿಗೆ ಕಾರು! ಇದೇನು ಮಾವ ಎಂದೆ. ಅವನು ನೆಲ ನೋಡಿದ.

"ಮೊಸರು ಬ್ಯಾರೆ, ಬೆನ್ನು ಬ್ಯಾರೆ" ಎಂದ.

ಅತ್ತೆ, ನಾನು ಕಾರಿನಲ್ಲಿ. ಮಾವ ಮುಂದೆ ಜೀಪಿನಲ್ಲಿ, ಒಂದೊಂದು ತಗ್ಗು ಬಂದಾಗಲೂ ಕೈ ಹೊರಗೆ ಹಾಕಿ ಕಾರಿನವನಿಗೆ ತೋರಿಸುತ್ತಿದ್ದ. ಅತ್ತೆ ಆ ಕೈಯನ್ನೇ ನೋಡುತ್ತಿದ್ದಳು. ಅರ್ಧ ದಾರಿಯಲ್ಲಿ ಒಂದು ಚಹಾದಂಗಡಿ ಬಂತು. ಅವಳು ಕಾರು ನಿಲ್ಲಿಸಲು ಹೇಳಿದಳು. ಮುಂದೆ ಮಾವನೂ ಜೀಪು ನಿಲ್ಲಿಸಿದ. ಅವಳು ನನ್ನ ಹೆಗಲು ಹಿಡಿದು ಮೆಲ್ಲಗೆ ನಡೆದು ಜೀಪಿನ ಹತ್ತಿರ ಹೋದಳು.

"ಮೊಸರು ಇಟ್ಟಿದ್ರಲ್ಲ, ಆ ಜಾಗಾ ನಂದು. ಹತ್ತಿಸ್ಕೋರಿ."

ಮಾವ ಅವಳನ್ನು ಹತ್ತಿಸಿ ಕೂಡಿಸಿದ. ಕಾರಿನವನಿಗೆ ಹಿಂದೆಯೇ ಬರಲು ಹೇಳಿ ನಾನು ಜೀಪಿನ ಹಿಂದೆ ಹತ್ತಿದೆ. ಅವನು ಫಸ್ಟ್ ಗೇರು ಹಾಕಿ, ಕ್ಲಚ್ಚಿನಿಂದ ಕಾಲು ಎತ್ತಿದ. ಜೀಪು ನಡುಗಲಿಲ್ಲ. ಗೇರಿನ ಮೇಲಿದ್ದ ಅವನ ಕೈ ನಡುಗುತ್ತಿತ್ತು. ಅತ್ತೆ ಅದರ ಮೇಲೆ ತನ್ನ ಕೈ ಇಟ್ಟಳು. ನನಗೆ ಕಣ್ಣು ತುಂಬಿ ಬಂತು, ಸುಮ್ಮನೆ ಹೊಲಗಳ ಕಡೆ ನೋಡಿದೆ. ಮಸರಕಲ್ ಬರುವವರೆಗೂ ಗೇರು ಬದಲಿಸಿದ್ದು ಆ ಎರಡು ಕೈಗಳೂ ಸೇರಿಯೇ.