ನಿಲ್ಲದ ತೊಟ್ಟಿಲು

ಇಷ್ಟೆಲ್ಲ ರಗಳೆ ಶುರುವಾದದ್ದು ಒಂದು 'ಹೂಂ'ನಿಂದ. ಅದೂ ನಿದ್ದೆಯಲ್ಲಿ ಅಂದ ಹೂಂ.

ತೊಟ್ಟಿಲು ತಯಾರಿಸುವ ಆ ಕಂಪನಿಯಲ್ಲಿ ಎಲ್ಲರೂ ಅವನನ್ನು ನಿದ್ದೆಗಣ್ಣ ಅಂತಲೇ ಕರೆಯುತ್ತಿದ್ದರು. ಪಾಪ, ಮೊದಲಿನಿಂದ ಇದ್ದ ಹೆಸರಲ್ಲ, ಮೂರು ತಿಂಗಳ ಹಿಂದೆ ಮಗಳು ಹುಟ್ಟಿದ ಮೇಲೆ ಅಂಟಿಕೊಂಡದ್ದು. ಆ ಪುಟ್ಟ ಮಹಾರಾಣಿಗೆ ತೂಗುತ್ತಿದ್ದರೆ ಮಾತ್ರ ನಿದ್ದೆ. ತೂಗುವ ಕೈ ನಿಂತಿತೋ, ಮನೆಯ ಹೆಂಚು ಹಾರಿಹೋಗುವಂತೆ ಕಿರುಚುತ್ತಿದ್ದಳು. ತೊಟ್ಟಿಲು ಕಂಪನಿಯವನ ಮನೆಯಲ್ಲೇ ತೊಟ್ಟಿಲಿರಲಿಲ್ಲ ಬಿಡಿ, ಅದರ ಬೆಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗಂಡ ಹೆಂಡತಿ ಪಾಳಿ ಹಾಕಿಕೊಂಡು ತೋಳಲ್ಲೇ ತೂಗುತ್ತಿದ್ದರು.

"ರೀ, ನಾಳೆ ಒಂದು ದಿನ ರಜೆ ಹಾಕಿ. ನಾನು ಸ್ವಲ್ಪ, ನೀವು ಸ್ವಲ್ಪ ಮಲಗೋಣ. ಇಲ್ಲಾಂದ್ರೆ ನನಗೆ ಹುಚ್ಚು ಹಿಡಿಯುತ್ತೆ ಅಷ್ಟೇ," ಎಂದಿದ್ದಳು ಹೆಂಡತಿ ಬೆಳಿಗ್ಗೆ.

ಮ್ಯಾನೇಜರನ್ನು ಕೇಳಿದರೆ, "ಹೊಸ ತೊಟ್ಟಿಲಿನ ರಿಪೋರ್ಟು ಮಧ್ಯಾಹ್ನದೊಳಗೆ ಕೊಡಿ, ರಜೆ ತಗೊಳ್ಳಿ," ಅಂದರು.

ಹೊಸ ತೊಟ್ಟಿಲಿನ ಮಾದರಿ ವರ್ಕ್‌ಶಾಪಿನ ಮೂಲೆಯಲ್ಲಿ ಸಿದ್ಧವಾಗಿ ನಿಂತಿತ್ತು. ಮಾರಾಟಕ್ಕೆ ತಯಾರಿಸುವ ಮೊದಲು ಅದನ್ನು ಕಂಪ್ಯೂಟರಿನೊಳಗೆ ತೂಗಿ ನೋಡಬೇಕು. ಅಂದರೆ, ಡ್ರಾಯಿಂಗ್ ಸಾಫ್ಟ್‌ವೇರಿನಲ್ಲಿರುವ ತೊಟ್ಟಿಲನ್ನು ಸಿಮ್ಯುಲೇಷನ್ ಸಾಫ್ಟ್‌ವೇರಿಗೆ ಸಾಗಿಸಬೇಕು. ಇವೆರಡಕ್ಕೂ ಅತ್ತೆ-ಸೊಸೆ ಸಂಬಂಧ. ಅದು ಕೊಟ್ಟದ್ದನ್ನು ಇದು ಹುಳುಕು ಹುಡುಕದೆ ತಗೊಂಡದ್ದೇ ಇಲ್ಲ. ನಡುವೆ ರಾಜಿ ಮಾಡಿಸಲು ಕಂಪನಿ ಒಂದು ಎಐ ಏಜೆಂಟನ್ನು ತಂದಿತ್ತು. ಬಾಯಲ್ಲಿ ಹೇಳಿದರೆ ಸಾಕು, ಎಲ್ಲ ಮಾಡುತ್ತದೆ. ಕಣ್ಣು ತೆರೆದಿಡುವ ಕಷ್ಟ ತಪ್ಪಿತಲ್ಲ ಅಂತ ನಿದ್ದೆಗಣ್ಣ ಮೈಕು ಹಾಕಿ ಕುರ್ಚಿಗೆ ಒರಗಿದ.

"ತೊಟ್ಟಿಲು ಬಂತು ಸಾರ್," ಎಂದಿತು ಏಜೆಂಟು, ಬಹಳ ಮೆತ್ತಗೆ. "ಸಣ್ಣ ಸಣ್ಣ ಸ್ಕ್ರೂಗಳಿವೆ, ಲೆಕ್ಕಕ್ಕೆ ತೊಡಕು. ತೆಗೆದುಬಿಡಲಾ?"

"ಹೂಂ."

"ಕಂಬಿ ಬೇರಿಂಗಿನಲ್ಲಿ ಎಷ್ಟು ಉಜ್ಜುತ್ತೆ ಅನ್ನೋ ವಿವರ ಡ್ರಾಯಿಂಗಿನಲ್ಲಿಲ್ಲ. ಉಜ್ಜೋದೇ ಇಲ್ಲ ಅಂತ ಇಟ್ಟುಕೊಳ್ಳಲಾ?"

"ಹೂಂ..."

"ಗಾಳಿಯ ತಡೆಯೂ ಬೇಡ ತಾನೇ?"

ಈ ಸಲ ಬಂದದ್ದು ಬರೀ ಗೊರಕೆ. ಏಜೆಂಟು ಅದನ್ನೂ ಒಪ್ಪಿಗೆ ಅಂತಲೇ ತಗೊಂಡಿತು.

ನಿದ್ದೆಗಣ್ಣ ಕಣ್ಣು ಬಿಟ್ಟಾಗ ಪರದೆಯ ಮೇಲೆ ತಿಳಿನೀಲಿ ತೊಟ್ಟಿಲೊಂದು ತೂಗುತ್ತಿತ್ತು. ಆಚೆ ಹೋಗುತ್ತಿತ್ತು, ಈಚೆ ಬರುತ್ತಿತ್ತು. ಸದ್ದಿಲ್ಲ, ಅವಸರವಿಲ್ಲ. ನೋಡುತ್ತಾ ನೋಡುತ್ತಾ ಮೇಜು ತೂಗಿತು, ಕಿಟಕಿ ತೂಗಿತು, ಕಿಟಕಿಯಾಚೆಯ ಮೋಡವೂ ತೂಗಿತು. ತಾನೇ ಅದರೊಳಗೆ ಮಲಗಿದ್ದೇನೆ, ಯಾರೋ ತೂಗುತ್ತಿದ್ದಾರೆ ಅಂತ ಅವನಿಗೆ ಅನ್ನಿಸಿತು.

"ಇದೇನ್ರೀ, ಯಾವಾಗಿಂದ ತೂಗ್ತಿದೆ?" ಹಿಂದೆ ನಿಂತಿದ್ದ ಸೇಲ್ಸಿನವನ ದನಿ ನೀರಿನಡಿಯಿಂದ ಬಂದಂತೆ ಕೇಳಿಸಿತು.

"ನಾನು ಟೀಗೆ ಹೋಗೋ ಮೊದಲೂ ತೂಗ್ತಿತ್ತಪ್ಪ..." ಎಂದರು ಅಕೌಂಟ್ಸ್ ಅಕ್ಕ. ಅವರ ತಲೆಯೂ ತೊಟ್ಟಿಲಿನ ಜೊತೆಗೆ ಆಚೆ ಈಚೆ ಹೋಗುತ್ತಿತ್ತು. ಮಾತು ಮುಗಿಸುವಷ್ಟರಲ್ಲಿ ಬೀರುವಿಗೆ ಒರಗಿ ನಿಂತಲ್ಲೇ ನಿದ್ದೆಹೋದರು.

ಸೇಲ್ಸಿನವನಿಗೆ ಸುಮ್ಮನಿದ್ದು ಅಭ್ಯಾಸವೇ ಇಲ್ಲ. ಓಡಿಹೋಗಿ ಮ್ಯಾನೇಜರನ್ನು ಕರೆತಂದ.

"ಎಷ್ಟು ಸಲ ತಳ್ಳಿದ್ರಿ?" ಮ್ಯಾನೇಜರು ಕೇಳಿದರು.

"ಒಂದೇ ಸಲ ಸಾರ್," ಎಂದಿತು ಏಜೆಂಟು, ಯಾರೂ ತನ್ನನ್ನು ಕೇಳದಿದ್ದರೂ.

ಮ್ಯಾನೇಜರು ಆಗಲೇ ಮಾಲೀಕರಿಗೆ ಫೋನು ಹಚ್ಚಿದ್ದರು. "ಸಾರ್, ಒಂದ್ಸಲ ತಳ್ಳಿದ್ರೆ ನಿಲ್ಲೋದೇ ಇಲ್ಲ! ಹೌದು ಸಾರ್, ನಮ್ಮ ನಿದ್ದೆಗಣ್ಣನೇ!"

ನಿದ್ದೆಗಣ್ಣ ಪರದೆಯ ಮೂಲೆ ನೋಡಿದ. ಏಜೆಂಟಿನ ಪ್ರಶ್ನೆಗಳೂ ತನ್ನ ಹೂಂಗಳೂ ಸಾಲಾಗಿ ನಿಂತಿದ್ದವು. ಅಯ್ಯೋ ದೇವರೇ! ಎಲ್ಲೂ ಉಜ್ಜದ ತೊಟ್ಟಿಲು ನಿಲ್ಲುವುದಾದರೂ ಹೇಗೆ?

"ಸಾರ್, ಒಂದು ನಿಮಿಷ, ಇದು..."

"ನೀವೇನೂ ಹೇಳಬೇಡಿ. ನಾಳೆ ಯಾಕೆ, ಈಗಲೇ ಮನೆಗೆ ಹೋಗಿ ಹಾಯಾಗಿ ಮಲಗಿ. ಆ ಮಾದರಿ ತೊಟ್ಟಿಲೂ ನಿಮ್ಮ ಮಗಳಿಗೇ!"

ನಿಜ ನಾಲಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಒಂದು ದೊಡ್ಡ ಆಕಳಿಕೆ ಬಂತು. ಆಕಳಿಕೆ ಗೆದ್ದಿತು.

ತೊಟ್ಟಿಲು ಹೊತ್ತು ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು, ಮಗುವನ್ನು ಹೆಗಲಿಗೆ ಹಾಕಿಕೊಂಡು.

"ನಿಮ್ಮ ಮ್ಯಾನೇಜರು ಫೋನ್ ಮಾಡಿದ್ರು! ಒಂದ್ಸಲ ತಳ್ಳಿದ್ರೆ ನಿಲ್ಲೋದೇ ಇಲ್ವಂತೆ, ನೀವೇ ಮಾಡಿದ್ದಂತೆ. ನಾನೇ ನಿಮ್ಮನ್ನ ಏನೇನೋ ಅಂದ್ಬಿಟ್ಟೆ ಕಣ್ರೀ."

ಅಷ್ಟು ಪ್ರೀತಿಯಿಂದ ಅವಳು ನೋಡಿ ಎಷ್ಟು ಕಾಲವಾಗಿತ್ತೋ. ಅವನು ಬಾಯಿ ತೆರೆಯುವುದರೊಳಗೆ ಮಗುವನ್ನು ಮಲಗಿಸಿ, ಒಂದು ಸಲ ತಳ್ಳಿ, ಹಾಸಿಗೆಗೆ ಬಿದ್ದಳು. ಬಿದ್ದವಳೇ ನಿದ್ದೆಹೋದಳು.

ತೊಟ್ಟಿಲು ಆಚೆ ಹೋಯಿತು, ಈಚೆ ಬಂತು. ಕಿರ್ ಅಂದಿತು. ಇನ್ನೆರಡು ಸಲ ತೂಗಿ ನಿಂತೇಬಿಟ್ಟಿತು.

ಮಹಾರಾಣಿ ಒಂದು ಕಣ್ಣು ತೆರೆದಳು. ನಿದ್ದೆಗಣ್ಣ ಗಾಬರಿಯಿಂದ ತಳ್ಳಿದ. ಕಣ್ಣು ಮುಚ್ಚಿತು.

ಬಿಸಿಲು ಹೊಸ್ತಿಲಿನಿಂದ ನೆಲಕ್ಕೆ ಬಂತು, ನೆಲದಿಂದ ಗೋಡೆಗೆ ಏರಿತು. ಪರದೆಯ ಆ ನೀಲಿ ತೊಟ್ಟಿಲು ಮಾತ್ರ ಅವನ ಕಣ್ಣೊಳಗೆ ತನ್ನಷ್ಟಕ್ಕೆ ತೂಗುತ್ತಲೇ ಇತ್ತು. ಸಂಜೆ ಫೋನು ಗುಂಯ್‌ಗುಟ್ಟಿತು.

"ಏನ್ರೀ, ನಿಂತಿತಾ?" ಮ್ಯಾನೇಜರು.

ಅವನು ಹೆಂಡತಿಯ ಕಡೆ ನೋಡಿದ. ಮೂರು ತಿಂಗಳಲ್ಲಿ ಮೊದಲ ಸಲ ಅವಳು ನಿದ್ದೆಯಲ್ಲಿ ನಗುತ್ತಿದ್ದಳು.

"ಇಲ್ಲ ಸಾರ್," ಪಿಸುಗುಟ್ಟಿದ. "ಇನ್ನೂ ತೂಗ್ತಾನೇ ಇದೆ."

"ಭೇಷ್! ನಾಳೆ ಬೆಳಿಗ್ಗೆ ಮಾಲೀಕರು ಕಣ್ಣಾರೆ ನೋಡೋಕೆ ನಿಮ್ಮ ಮನೆಗೇ ಬರ್ತಾರಂತೆ. ಅಲ್ಲಿವರೆಗೆ ಅದನ್ನ ಯಾರೂ ಕೈಯಲ್ಲಿ ಮುಟ್ಟಬಾರದು, ತಿಳೀತಾ?"

"ಹೂಂ," ಎಂದ ನಿದ್ದೆಗಣ್ಣ, ತೊಟ್ಟಿಲು ತಳ್ಳುತ್ತಾ.